ಮೀನಿನ ಬಾಣಂತನ

ನಮ್ಮ ಕಡೆ ಬಾಣಂತನವೆಂದರೆ ಸಣ್ಣ ಮಾತಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಹಂಡೆಗಟ್ಟಲೆ ಬಿಸಿನೀರು. ಮಗು ಒಮ್ಮೆ ಸೀನಿದರೆ ಇಡೀ ಮನೆ ಎದ್ದು ಕೂರುತ್ತದೆ. ಹೀಗಿರುವಾಗ, ಹೆತ್ತ ಮರುಗಳಿಗೆಯೇ ಹಿಂದಿರುಗಿ ತನ್ನ ಮರಿಯನ್ನು ನುಂಗುವ ತಾಯಿಯನ್ನು ಕಂಡರೆ ನಮ್ಮಂಥವರಿಗೆ ಹೇಗಾಗಬೇಡ? ಗಪ್ಪಿ ಮೀನು ಅಂಥ ತಾಯಿ.

ಸೊಳ್ಳೆಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಇದೇ. ಟ್ರಿನಿಡಾಡ್ ದ್ವೀಪದಿಂದ ಇದನ್ನು ಲಂಡನ್ನಿಗೆ ಕಳಿಸಿದ ರಾಬರ್ಟ್ ಗಪ್ಪಿ ಎಂಬುವನ ಹೆಸರನ್ನು 1866ರಲ್ಲಿ ಇದಕ್ಕೆ ಇಟ್ಟರಂತೆ. ಹೆಸರು ದೊರೆಯದು, ಬುದ್ಧಿ ಮಾತ್ರ ಮೀನಿನದೇ.

ನಮ್ಮ ನಡುಮನೆಯ ಮೂರಡಿ ಉದ್ದದ ಗಾಜಿನ ತೊಟ್ಟಿ ಒಂದು ಅವಿಭಕ್ತ ಕುಟುಂಬ. ಗಪ್ಪಿಗಳಿವೆ, ಕಪ್ಪು ಮಾಲಿಗಳಿವೆ, ಒಂದಷ್ಟು ಟೆಟ್ರಾಗಳಿವೆ, ಹಿರೀಕರ ಗತ್ತಿನಲ್ಲಿ ಓಡಾಡುವ ಒಂದು ಜೋಡಿ ಏಂಜೆಲ್ ಮೀನುಗಳಿವೆ. ಇಷ್ಟು ಜನರ ನಡುವೆ ಗಪ್ಪಿಗೆ ಹೆಚ್ಚುಕಡಿಮೆ ನಾಲ್ಕು ವಾರಕ್ಕೊಮ್ಮೆ ಹೆರಿಗೆ. ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿ ಈಜುತ್ತಲೇ ಹೊರಬರುತ್ತದೆ. ಒಂದು ಸಲಕ್ಕೆ ಇಪ್ಪತ್ತೋ ಮೂವತ್ತೋ. ಉದ್ದ ಒಂದು ಅಕ್ಕಿಕಾಳಿನಷ್ಟು; ಕಾಣುವುದು ಎರಡು ಕಣ್ಣು ಮಾತ್ರ. ತಾಯಿಗೆ ಅದು ಮಗುವಲ್ಲ, ಅಲುಗಾಡುವ ತುತ್ತು.

2023ರ ಮಳೆಗಾಲದಲ್ಲಿ ನನ್ನ ಮಗಳು ತವರಿಗೆ ಬಂದಳು. ಐದು ತಿಂಗಳ ಗರ್ಭ ನಿಲ್ಲಲಿಲ್ಲ. ಕಾರಣ ಸಿಗಲಿಲ್ಲವೆಂದು ವೈದ್ಯೆ ಹೇಳಿದ್ದರು. ನೋಡಲು ಬಂದವರಿಗೆ ಮಾತ್ರ ಕಾರಣ ಬೇಕೇ ಬೇಕು. ಭಾರ ಎತ್ತಿದಳೇ, ಪಪ್ಪಾಯಿ ತಿಂದಳೇ, ಬಸ್ಸಿನಲ್ಲಿ ಓಡಾಡಿದಳೇ? ಅವಳು ಯಾರಿಗೂ ಉತ್ತರ ಕೊಡದೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಂದು ಬೆಳಗ್ಗೆ, "ಅಮ್ಮಾ, ಬೇಗ ಬಾ, ತಿಂತಾ ಇದೆ!" ಎಂದು ಕೂಗಿಕೊಂಡಳು.

ಲೋಟದಲ್ಲಿ ಮೊಗೆದು ಒಂಬತ್ತು ಮರಿಗಳನ್ನು ದೊಡ್ಡ ಗಾಜಿನ ಬೋಗುಣಿಗೆ ಬಿಟ್ಟಳು. ನೀರು ಅದೇ ತೊಟ್ಟಿಯದು, ಜೊತೆಗೆ ಒಂದು ಹಿಡಿ ಜಾವಾ ಪಾಚಿ. ಮಿಕ್ಕವು ಕೈಗೆ ಸಿಗದೆ ಗಿಡಗಳ ಸಂದಿಗೆ ನುಗ್ಗಿದವು. ಫಿಲ್ಟರು ಅವನ್ನು ಎಳೆದುಕೊಳ್ಳದಂತೆ ಅದರ ಬಾಯಿಗೆ ಸ್ಪಂಜು ಕಟ್ಟಿದೆವು. ದೊಡ್ಡ ಮೀನುಗಳಿಗೆ ತೊಟ್ಟಿಯ ಒಂದು ಮೂಲೆಯಲ್ಲಿ ಮೊದಲು ಊಟ ಹಾಕಿ, ಅವು ಅಲ್ಲಿ ಮುತ್ತಿಕೊಂಡಿರುವಾಗ ಗಿಡಗಳ ನಡುವೆ ಮರಿಗಳ ಊಟ ಉದುರಿಸುವುದು. ಬೆರಳಲ್ಲಿ ತಿಕ್ಕಿ ಹುಡಿ ಮಾಡಿದ ಮೀನಿನ ಆಹಾರ, ಬೆಂದ ಮೊಟ್ಟೆಯ ಹಳದಿ ಒಂದು ಚಿಟಿಕೆ. ಹೆಚ್ಚಾದರೆ ನೀರು ಕೊಳೆಯುತ್ತದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೊಟ್ಟೆ ನಮ್ಮ ಮನೆಯ ಹೊಸಿಲು ದಾಟಿದ್ದು ಈ ಮರಿಗಳ ನೆಪದಲ್ಲೇ. "ಹಿತ್ತಲಲ್ಲಿ ಬೇಯಿಸಿಕೊಳ್ಳಿ" ಎಂದು ನಮ್ಮ ಅತ್ತೆ ಅಪ್ಪಣೆ ಕೊಟ್ಟರು. ನಲ್ಲಿನೀರಿನ ಕ್ಲೋರಿನ್ ಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಆಮೇಲೆ ಬೋಗುಣಿಗೆ ಸುರಿಯುತ್ತಿದ್ದಳು.

ಮೂರನೆಯ ಬೆಳಗ್ಗೆ ಬೋಗುಣಿಯಲ್ಲಿ ಎರಡು ಮರಿ ಸತ್ತಿದ್ದವು. ನುಂಗುವವರಿಲ್ಲ, ನೀರು ತಿಳಿಯಾಗಿದೆ, ಊಟ ಹೊತ್ತಿಗೆ ಸರಿಯಾಗಿ ಬಿದ್ದಿದೆ.

"ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಲ್ವಾ ಅಮ್ಮಾ?" ಎಂದಳು.

ಅವಳು ಕೇಳಿದ್ದು ಮೀನಿನ ವಿಷಯ ಮಾತ್ರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನೋಡ್ಕೊಂಡೆ ಕಣೇ. ನೋಡ್ಕೊಂಡರೂ ಕೆಲವು ನಿಲ್ಲಲ್ಲ. ಅದಕ್ಕೆ ಯಾರ ತಪ್ಪೂ ಬೇಕಾಗಿಲ್ಲ" ಎಂದೆ. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅವತ್ತೇ ಮೊದಲು. ಹಿತ್ತಲ ದಾಸವಾಳದ ಬುಡದಲ್ಲಿ ಮಣ್ಣು ಕೆದಕಿ ಆ ಎರಡನ್ನೂ ಮುಚ್ಚಿ ಬಂದಳು. ಅತ್ತೆ ನೋಡಿದರು, ಮೀನಿಗೇಕೆ ಇಷ್ಟು ಎನ್ನಲಿಲ್ಲ. ಅಂದಿನಿಂದ ಕಾರಣ ಕೇಳಲು ಬಂದವರನ್ನು ಕಾಫಿ ಕೊಟ್ಟು ಜಗಲಿಯಿಂದಲೇ ಕಳಿಸುವ ಕೆಲಸವನ್ನು ಅವರೇ ವಹಿಸಿಕೊಂಡರು.

ತೊಟ್ಟಿಯೊಳಗಿನ ಮರಿಗಳ ಆಸೆಯನ್ನು ನಾವು ಬಿಟ್ಟಿದ್ದೆವು. ಮೂರನೆಯ ವಾರ ಒಂದು ಸಂಜೆ ಪಾಚಿಯ ಮರೆಯಿಂದ ಐದು ಮರಿಗಳು ಸಾಲಾಗಿ ಹೊರಬಂದವು! ಏಂಜೆಲ್ ಮೀನುಗಳ ಕಣ್ಣಿಗೂ ಬೀಳದೆ, ನಮ್ಮ ಲೆಕ್ಕಕ್ಕೂ ಸಿಗದೆ, ತಮ್ಮ ಪಾಡಿಗೆ ತಾವು ಬೆಳೆದಿದ್ದವು. ಅವುಗಳನ್ನು ಕಾದದ್ದು ನಾವಲ್ಲ, ಒಂದು ಹಿಡಿ ಹಸಿರು. ಬೋಗುಣಿಯ ಏಳೂ ಸೇರಿ ಹನ್ನೆರಡಾದವು.

ನವರಾತ್ರಿಗೆ ಮುಂಚೆ ಅಳಿಯ ಕರೆದೊಯ್ಯಲು ಬಂದರು. ಅಷ್ಟರಲ್ಲಿ ಗಂಡುಮರಿಗಳ ಬಾಲಕ್ಕೆ ಕಿತ್ತಳೆ, ನೀಲಿ ಇಳಿದಿತ್ತು. ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬುವುದು ಪದ್ಧತಿ. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲ ಇಟ್ಟಾದ ಮೇಲೆ, ಅವಳೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸ್ವಲ್ಪ ನೀರು, ಉಳಿದಷ್ಟೂ ಗಾಳಿ ತುಂಬಿ, ನಾಲ್ಕು ಮರಿಗಳನ್ನು ಬಿಟ್ಟು ಬಾಯಿ ಬಿಗಿದಳು. ಮರೆಯದೆ ಒಂದು ಹಿಡಿ ಪಾಚಿಯನ್ನೂ ಹಾಕಿಕೊಂಡಳು.