ಕಾಡಿನ ಕನಸು ನುಡಿಸಿದವನ ಊರು

ಪರಾಗ್ವೆಯ ರಾಜಧಾನಿ ಅಸುನ್ಸಿಯಾನ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ಸಾಗಿದರೆ ಸಾನ್ ಹುವಾನ್ ಬೌಟಿಸ್ಟಾ ಎಂಬ ಊರು ಸಿಗುತ್ತದೆ. ಸುತ್ತ ದಟ್ಟ ಕಾಡನ್ನು ಹುಡುಕಿ ಬಂದವರಿಗೆ ನಿರಾಸೆಯೇ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು, ಮೇಯುವ ದನ, ಕೆಂಪು ಮಣ್ಣು. ಆದರೆ 'ಪರಾಗ್ವೆಯ ಕಾಡಿನಿಂದ ಬಂದ ಗಿಟಾರ್ ಮಾಂತ್ರಿಕ'ನೆಂದು ಹೆಸರಾದ ಅಗುಸ್ಟಿನ್ ಬಾರಿಯೋಸ್ ಇದೇ ಸೀಮೆಯವನು. ಹುಟ್ಟಿದ್ದು 1885ರಲ್ಲಿ.

ಈ ಮಣ್ಣಿಗೆ ಸಂಗೀತ ಹೊಸದಲ್ಲ. ಸಮೀಪದ ಸಾನ್ ಇಗ್ನಾಸಿಯೋದಲ್ಲಿ 1609ರಲ್ಲೇ ಜೆಸ್ಯೂಟ್ ಪಾದ್ರಿಗಳು ನೆಲೆಯೂರಿದರು. ಅವರ ವಸತಿಗಳಲ್ಲಿ ಗ್ವಾರಾನಿ ಬುಡಕಟ್ಟಿನವರು ಸಂತರ ಮೂರ್ತಿ ಕೆತ್ತಿದರು. ಪಿಟೀಲು, ಹಾರ್ಪ್‌ಗಳನ್ನು ತಯಾರಿಸಿ ನುಡಿಸಿದರು. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನು ಹೊರಹಾಕಿದ. ಗ್ವಾರಾನಿ ನುಡಿ ಮಾತ್ರ ಉಳಿಯಿತು. ಇಂದು ಅದು ಸ್ಪ್ಯಾನಿಷ್ ಜೊತೆ ದೇಶದ ಅಧಿಕೃತ ಭಾಷೆ.

ಬಾರಿಯೋಸ್‌ನ ಬೆರಳುಗಳಲ್ಲಿ ಎರಡೂ ಪರಂಪರೆಗಳು ಕೂಡಿದವು. 'ದಾನ್ಸಾ ಪರಾಗ್ವಾಯಾ'ದಲ್ಲಿ ಹಳ್ಳಿಯ ಕುಣಿತವಿದೆ. 1921ರ 'ಲಾ ಕತೆದ್ರಾಲ್'ನಲ್ಲಿ ಬಾಖ್‌ನ ಗಾಂಭೀರ್ಯವಿದೆ. 'ಕಾಡಿನಲ್ಲೊಂದು ಕನಸು' ಎಂಬರ್ಥದ ಇನ್ನೊಂದು ಕೃತಿಯಲ್ಲಿ ಹೆಬ್ಬೆರಳು ಮಂದ್ರವನ್ನು ಮೀಟುತ್ತಿದ್ದರೆ ಉಳಿದ ಬೆರಳುಗಳು ಒಂದೇ ಸ್ವರವನ್ನು ಬಿಡದೆ ಮಿಡಿಯುತ್ತವೆ. ಎಲೆಗಳ ಮೇಲೆ ತುಂತುರು ಮಳೆ ಬಿದ್ದಂತೆ! ವೀಣೆಯಂತೆ ಗಿಟಾರಿಗೂ ಮೆಟ್ಟಿಲುಗಳುಂಟು. ಸಾಮಾನ್ಯವಾಗಿ 19 ಇರುವ ಕಡೆ ಈ ಕೃತಿ 20ನೆಯದನ್ನೂ ಬೇಡುತ್ತದೆ.

ಇಷ್ಟಿದ್ದರೂ ಹೊಟ್ಟೆಪಾಡು ಸುಲಭವಾಗಿರಲಿಲ್ಲ. 1930ರ ದಶಕದಲ್ಲಿ ಆತ ತಲೆಗೆ ಗರಿಗಳ ಕಿರೀಟ ತೊಟ್ಟು 'ನಿತ್ಸುಗಾ ಮಂಗೋರೆ'ಯಾಗಿ ವೇದಿಕೆ ಏರಿದ. ಅಗುಸ್ಟಿನ್ ಎಂಬುದನ್ನು ತಿರುಗಿಸಿ ಬರೆದರೆ ನಿತ್ಸುಗಾ. ಮಂಗೋರೆ ಎಂಬುದು ಸ್ಪೇನಿನವರನ್ನು ಎದುರಿಸಿದನೆಂದು ಹಳೆಯ ಕಥನಗಳು ಹೇಳುವ ನಾಯಕನ ಹೆಸರು. ಜನ ಬಂದದ್ದು ಗರಿಗಳನ್ನು ನೋಡಲು. ಕೆಲವೇ ವರ್ಷಗಳಲ್ಲಿ ಗರಿಗಳು ಹೋದವು, ನಾದ ಉಳಿಯಿತು. ಅವನ ನಿಜವಾದ ಕಾಡು ಇದ್ದದ್ದು ಆ ನಾದದಲ್ಲಿ.

1925ರಲ್ಲಿ ಪರಾಗ್ವೆ ಬಿಟ್ಟವನು ಮತ್ತೆ ಮರಳಲಿಲ್ಲ. 1944ರ ಆಗಸ್ಟ್ 7ರಂದು ಎಲ್ ಸಾಲ್ವಡಾರ್‌ನ ರಾಜಧಾನಿಯಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾದ. ಕೊನೆಯ ಕೃತಿಯಲ್ಲಿ ಭಿಕ್ಷೆ ಬೇಡುವವರು ಬಾಗಿಲು ತಟ್ಟುವ ಸದ್ದನ್ನು ಮಂದ್ರ ತಂತಿಗಳಲ್ಲಿ ಹಿಡಿದಿಟ್ಟಿದ್ದ. 1977ರಲ್ಲಿ ಜಾನ್ ವಿಲಿಯಮ್ಸ್ ಅವನ ಕೃತಿಗಳದೇ ಒಂದು ಧ್ವನಿಮುದ್ರಿಕೆ ಹೊರತಂದ ಮೇಲೆ ಜಗತ್ತು ಹೊಸದಾಗಿ ಕಿವಿಗೊಟ್ಟಿತು.

ಕಾಸಿಗಾಗಿ ಊರೂರು ಅಲೆದವನ ಮುಖ ಈಗ ಪರಾಗ್ವೆಯ 50,000 ಗ್ವಾರಾನಿ ನೋಟಿನ ಮೇಲಿದೆ. ಊರಿಗೆ ಮರಳದ ಮಗ ಹುಟ್ಟೂರಿನ ಅಂಗಡಿಗಳಲ್ಲಿ ಹೀಗೆ ಕೈಯಿಂದ ಕೈಗೆ ಸಾಗುತ್ತಿದ್ದಾನೆ.