ಒಲೆಯ ಬೂದಿ ಹೊಲಕ್ಕೆ ಹೋಗುತ್ತಿದ್ದ ಕಾಲ

ತುಮಕೂರು ಜಿಲ್ಲೆಯ ಹುಲಿಯೂರುದುರ್ಗದ ಸುತ್ತಿನ ಬೆದ್ದಲು ಹೊಲಗಳದು ಗ್ರಾನೈಟ್ ಬಂಡೆ ಸವೆದು ಆದ ಕೆಂಪು ಮರಳು ಮಣ್ಣು. ಅದರಲ್ಲಿ ಹುಟ್ಟಿನಿಂದಲೇ ಸುಣ್ಣದಂಶ ಕಡಿಮೆ. ಇಂಥ ಬಡ ಮಣ್ಣಿನಲ್ಲಿ ತಲೆತಲಾಂತರದಿಂದ ರಾಗಿ, ಅವರೆ, ಹುರುಳಿ ಬೆಳೆದದ್ದು ಹೇಗೆ ಎಂದರೆ ಎಲ್ಲರೂ ಕೊಟ್ಟಿಗೆ ಗೊಬ್ಬರದ ಹೆಸರು ಹೇಳುತ್ತಾರೆ. ಅದು ಅರ್ಧ ಉತ್ತರ. ತಿಪ್ಪೆಗೆ ಸಗಣಿ, ಗಂಜಲದ ಹುಲ್ಲಿನ ಜೊತೆಗೆ ದಿನವೂ ಒಲೆಯ ಬೂದಿ ಬೀಳುತ್ತಿತ್ತು, ಹೊಂಗೆಯ ತರಗು ಬೀಳುತ್ತಿತ್ತು. ಬೇಸಿಗೆ ಕೊನೆಗೆ ತಿಪ್ಪೆ ಅಗೆಯುವಾಗ ಕಪ್ಪು ಗೊಬ್ಬರದ ನಡುನಡುವೆ ಬೂದಿಯ ಬಿಳಿ ಪದರಗಳು ಕಾಣುತ್ತಿದ್ದವು. ಕೆರೆ ಬತ್ತಿದ ವರ್ಷ ಗಾಡಿಗಟ್ಟಲೆ ಕೆರೆಗೋಡು ಮಣ್ಣು ಹೊಡೆಸುವುದಿತ್ತು. ಕಟ್ಟಿಗೆ ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಎರಡೂ ಇವೆ. ಗೋಡಿನ ಜೇಡಿ ಪೋಷಕಾಂಶಗಳು ಮಳೆಗೆ ಬಸಿದುಹೋಗದಂತೆ ಹಿಡಿದಿಡುತ್ತದೆ. ಮಣ್ಣು ಹುಳಿಯಾಗದಂತೆ ಕಾದದ್ದು ಇವೆಲ್ಲ ಸೇರಿ ಎಂಬುದು ನನ್ನ ವಾದ.

ಈ ಕಾವಲು ತಪ್ಪಿದ್ದೂ ಮಣ್ಣಿಗೆ ಹುಳಿಯ ಹೊರೆ ಬಿದ್ದದ್ದೂ ಕೆಲವು ದಶಕಗಳೊಳಗೆ. ಎಪ್ಪತ್ತರ ದಶಕದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ಬಂದವು. ಅವು ಗೊಬ್ಬರಕ್ಕೆ ಸ್ಪಂದಿಸುವ ತಳಿಗಳು. ಸೀಮೆಗೊಬ್ಬರದ ಜೊತೆ ಇಳುವರಿಯೂ ಏರಿತು. ಇದನ್ನು ಅಲ್ಲಗಳೆದು ಮಾತಾಡುವವರ ಜೊತೆ ನಾನಿಲ್ಲ. ಆದರೆ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಒಂದು 45 ಕೆಜಿ ಚೀಲ ಹುಟ್ಟಿಸುವ ಆಮ್ಲವನ್ನು ತಣಿಸಲು ಸುಮಾರು 36 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು. ಆ ಸುಣ್ಣವನ್ನು ಯಾರೂ ಹಾಕಲಿಲ್ಲ. ಮನೆಗಳಿಗೆ ಗ್ಯಾಸ್ ಬಂತು, ಬೂದಿ ನಿಂತಿತು. ಉಳುಮೆ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಉಳಿದ ಸೀಮೆಹಸುಗಳ ಸಗಣಿ ತೆಂಗು, ಅಡಿಕೆ ತೋಟಗಳ ಪಾಲಾಯಿತು. ಹೊಲದ ರಾಗಿ ಹುಲ್ಲು ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯಿಂದ ಹೊಲಕ್ಕೆ ಏನೂ ಹೋಗುವುದಿಲ್ಲ. 2010ರಲ್ಲಿ ಸಬ್ಸಿಡಿ ನೀತಿ ಬದಲಾಗಿ ಡಿಎಪಿ, ಪೊಟ್ಯಾಷ್ ದುಬಾರಿಯಾದವು, ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು. ಕೈಗೆಟುಕುವ ಚೀಲವನ್ನೇ ರೈತ ಹೊತ್ತ. ಅದು ಅವನ ತಪ್ಪಲ್ಲ.

ಇದು ಬರೀ ಹಳೆಯ ಕಾಲದ ಹಂಬಲ ಎನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇಂಥದ್ದೇ ಕೆಂಪು ಮಣ್ಣಿನಲ್ಲಿ 1986ರಿಂದ ನಡೆದಿರುವ ರಾಗಿ, ಮುಸುಕಿನ ಜೋಳದ ದೀರ್ಘಾವಧಿ ಗೊಬ್ಬರ ಪ್ರಯೋಗವನ್ನು ನೋಡಬೇಕು. ಅಲ್ಲಿ ಬರೀ ಸಾರಜನಕ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಶಿಫಾರಸಿನ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ, ಸುಣ್ಣ ಕೊಟ್ಟ ತಾಕುಗಳು ಇಳುವರಿ ಕಾಯ್ದುಕೊಂಡವು. ಗೊಬ್ಬರ ಬೇಡವೆಂದು ಆ ತಾಕುಗಳು ಹೇಳುತ್ತಿಲ್ಲ. ಸುಣ್ಣ, ಸಗಣಿ ಇಲ್ಲದೆ ಗೊಬ್ಬರಕ್ಕೆ ಕೊಟ್ಟ ದುಡ್ಡು ದಕ್ಕುವುದಿಲ್ಲ ಎನ್ನುತ್ತಿವೆ. ಮಣ್ಣಿನ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರು ಮೊಂಡಾಗುತ್ತದೆ, ಹಾಕಿದ ರಂಜಕ ಮಣ್ಣಿನಲ್ಲೇ ಸಿಕ್ಕಿಬೀಳುತ್ತದೆ. ರಾಗಿ ಹುಳಿ ತಡೆಯುವ ಬೆಳೆಯಲ್ಲವೇ ಎಂದು ಕೇಳಬಹುದು. ತಡೆಯುತ್ತದೆ, ನಿಜ. ಅಕ್ಕಡಿ ಸಾಲಿನ ಅವರೆ, ಅಲಸಂದೆಯ ಮಾತು ಬೇರೆ. ಅವುಗಳ ಬೇರುಗಂಟಿನ ಬ್ಯಾಕ್ಟೀರಿಯಾ ಸೊರಗಿದರೆ ಪುಕ್ಕಟೆ ಬರುತ್ತಿದ್ದ ಸಾರಜನಕವೂ ಹೋಗುತ್ತದೆ, ಇನ್ನೊಂದು ಚೀಲ ಯೂರಿಯಾ ತರಬೇಕಾಗುತ್ತದೆ. ಹಾಗಾದರೆ ಮತ್ತೆ ಸೌದೆ ಒಲೆ ಹೂಡಬೇಕೇ? ಖಂಡಿತ ಬೇಡ. ಹೊಗೆ ಕುಡಿದು ಕಣ್ಣು, ಎದೆ ಕೆಡಿಸಿಕೊಂಡವರು ಮನೆಯ ಹೆಂಗಸರು. ಬೂದಿ ಮಾಡುತ್ತಿದ್ದ ಕೆಲಸವನ್ನು ಈಗ ಗೊತ್ತಿದ್ದೇ ಮಾಡಬೇಕು: ಬಿತ್ತನೆಗೆ ಎರಡು ಮೂರು ವಾರ ಮೊದಲೇ ಕೃಷಿ ಸುಣ್ಣವನ್ನೋ ಡಾಲಮೈಟ್ ಪುಡಿಯನ್ನೋ ಮಣ್ಣಿಗೆ ಬೆರೆಸಬೇಕು. ಯೂರಿಯಾ ಜೊತೆಗೇ ಎರಚಿದರೆ ಅಮೋನಿಯಾ ಗಾಳಿಗೆ ಹೋಗುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಹುಳಿ ಮಣ್ಣು ಮಲೆನಾಡಿನ ಸಮಸ್ಯೆ, ತುಮಕೂರು ಸೀಮೆಯದಲ್ಲ ಎನ್ನುವುದು. ಬೋರ್‌ವೆಲ್ ತೋಟಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಗಡಸು ನೀರು ವರ್ಷಗಟ್ಟಲೆ ಹರಿದ ಕಡೆ ಸುಣ್ಣದಂಶ ತಾನಾಗಿ ಸೇರಿ ರಸಸಾರ ಏಳು ದಾಟಿರುವುದುಂಟು; ಅಲ್ಲಿ ಸುಣ್ಣ ಹಾಕಿದರೆ ಸತು, ಕಬ್ಬಿಣ ಗಿಡಕ್ಕೆ ಸಿಗದಂತಾಗುತ್ತವೆ. ಕಣ್ಣುಮುಚ್ಚಿ ಸುಣ್ಣ ಎರಚುವುದು ಕಣ್ಣುಮುಚ್ಚಿ ಯೂರಿಯಾ ಎರಚಿದಷ್ಟೇ ಕೆಟ್ಟದ್ದು. ಆದರೆ ಒಂದೇ ಮನೆತನದ ತೋಟವೂ ಬೆದ್ದಲೂ ಒಂದೇ ಮಣ್ಣಾಗಿ ಉಳಿದಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿಗೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತಕ್ಕೆ ಹತ್ತು ಹೆಕ್ಟೇರಿಗೆ ಒಂದು ಎಂದು ಗೊತ್ತುಮಾಡಿದ್ದರು. ಹತ್ತು ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ಎರಡು ಮೂರು ಎಕರೆಯ ಹಿಡುವಳಿಗಳಿರುವ ನಮ್ಮಲ್ಲಿ ಅಷ್ಟರೊಳಗೆ ಎಷ್ಟೋ ಕುಟುಂಬಗಳ ಹೊಲ ಬರುತ್ತವೆ. ಒಬ್ಬನ ಹೊಲದ ಅಂಕಿ ಎಲ್ಲರ ಚೀಟಿಗೂ ಏರುತ್ತಿತ್ತು. ಆದ್ದರಿಂದ ರಾಗಿ ಕೊಯ್ಲಾದ ಮೇಲೆ ಬೆದ್ದಲು ಹೊಲದ ಐದಾರು ಕಡೆ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿಯಷ್ಟನ್ನು ತೋಟದ ಮಣ್ಣಿಗೆ ಸೇರಿಸದೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕಳಿಸಬೇಕು. ಮುಂಗಾರಿನ ಹೊತ್ತಿಗೆ ಸುಣ್ಣ ಬೇಕೋ ಬೇಡವೋ ಎಂಬುದು ಆ ಹೊಲದ್ದೇ ಅಂಕಿಯಿಂದ ತಿಳಿಯುತ್ತದೆ.