ತೊಗರಿ ಹೊಟ್ಟು ಮತ್ತು ಅವ್ವನ ಪ್ರಶ್ನೆ

ಕಾಗಿಣಾ ನದಿ ಉಕ್ಕಿ ಸೇತುವೆ ಮುಳುಗಿತೆಂದರೆ ನಮ್ಮ ದಂಡೋತಿಯವರಿಗೆ ಆಚೆ ದಡ ಪರದೇಶವಿದ್ದಂತೆ. ಅಂಥ ಒಂದು ಮಳೆಯ ವಾರದಲ್ಲಿ ಪಿ.ಯು.ಸಿ. ಓದುವ ಮಗಳು ವಿಜ್ಞಾನ ಮೇಳಕ್ಕೆ ವಿಷಯ ಹುಡುಕುತ್ತ ಕುಳಿತಿದ್ದಳು. ಅವಳ ಕಣ್ಣು ಮೂಲೆಯಲ್ಲಿದ್ದ ತೊಗರಿ ಹೊಟ್ಟಿನ ಚೀಲದ ಮೇಲೆ ಬಿತ್ತು. 'ಅಪ್ಪಾ, ಇದರಿಂದ ನೀರಿನೊಳಗಿನ ಲೋಹ ತೆಗೀಬಹುದಂತ' ಎಂದಳು.

ಸಂಗತಿ ನಿಜವೇ. ಭತ್ತದ ಹೊಟ್ಟು, ಶೇಂಗಾ ಸಿಪ್ಪೆ, ತೆಂಗಿನ ನಾರು ಇವುಗಳ ಮೇಲೆ ಜಗತ್ತಿನಾದ್ಯಂತ ಪ್ರಯೋಗಗಳು ನಡೆದಿವೆ. ಹೊಟ್ಟಿನ ಸೆಲ್ಯುಲೋಸ್, ಲಿಗ್ನಿನ್‌ಗಳ ಮೈಮೇಲೆ ಋಣ ವಿದ್ಯುದಂಶದ ತಾಣಗಳಿರುತ್ತವೆ. ಸೀಸ, ತಾಮ್ರ, ಕ್ಯಾಡ್ಮಿಯಂಗಳ ಧನ ಅಯಾನುಗಳು ಜಾಲಿ ಮುಳ್ಳಿಗೆ ಅರಳೆ ಸಿಕ್ಕಂತೆ ಅಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಹೆಚ್ಚು ಆಮ್ಲೀಯವಾಗಿದ್ದರೆ ಹೈಡ್ರೋಜನ್ ಅಯಾನುಗಳೇ ಮೊದಲು ಜಾಗ ಹಿಡಿದುಬಿಡುತ್ತವೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಮೇಷ್ಟ್ರ ಎದುರಿಗೆ ಮಗಳು ತೆಳುವಾದ ಮೈಲುತುತ್ತದ ದ್ರಾವಣಕ್ಕೆ ಹೊಟ್ಟು ಹಾಕಿದಳು. ನೀರು ಚಹಾದ ಬಣ್ಣಕ್ಕೆ ತಿರುಗಿತು! ಹೊಟ್ಟಿನದೇ ಬಣ್ಣ ಬಿಟ್ಟಿತ್ತು. ಬಿಸಿನೀರಿನಲ್ಲಿ ಹಲವು ಬಾರಿ ತೊಳೆದು, ಒಣಗಿಸಿ ಮತ್ತೆ ಹಾಕಿದಾಗ ಸೋಸಿದ ನೀರಿನಲ್ಲಿ ನೀಲಿ ಕಡಿಮೆಯಾಗಿತ್ತು. ಅಮೋನಿಯಾ ಹನಿಸಿ ನೋಡಿದರೂ ಮೊದಲಿನಷ್ಟು ಗಾಢವಾಗಲಿಲ್ಲ.

ಹಿಗ್ಗಿನಲ್ಲಿ ಅವಳು 'ಕಿರದಳ್ಳಿ ತಾಂಡಾಕ್ಕೂ ಶುದ್ಧ ನೀರು' ಎಂದು ಫಲಕ ಬರೆದಳು. ಸುರಪುರ ತಾಲ್ಲೂಕಿನ ಆ ತಾಂಡಾ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿದೆ. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದೂ, ಅದು ಜನರ ಚರ್ಮವನ್ನು ಕೆಡಿಸಿದ್ದೂ ಬೆಳಕಿಗೆ ಬಂದಿದ್ದವು. 2013ರಲ್ಲಿ ಸಂಶೋಧಕರ ವರದಿಯೂ ಪ್ರಕಟವಾಯಿತು. ಮೇಷ್ಟ್ರು ಫಲಕ ನೋಡಿ ತಲೆಯಾಡಿಸಿದರು. ನೀರಿನಲ್ಲಿ ಆರ್ಸೆನಿಕ್ ಸಾಮಾನ್ಯವಾಗಿ ಧನ ಅಯಾನಾಗಿರುವುದಿಲ್ಲ, ಆಮ್ಲಜನಕದೊಡನೆ ಸೇರಿಕೊಂಡಿರುತ್ತದೆ. ಬರಿಯ ಹೊಟ್ಟಿಗೆ ಅದು ಸುಲಭವಾಗಿ ಸಿಗದು, ಹೊಟ್ಟಿಗೆ ಕಬ್ಬಿಣದ ಲೇಪ ಬೇಕು. ಅದೂ ಅಲ್ಲದೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸೂಕ್ಷ್ಮವಾದದ್ದನ್ನು ಕಣ್ಣಳತೆಯಲ್ಲಿ ಹೇಳಲಾಗದು.

ಸಪ್ಪಗಾಗಿ ಮನೆಗೆ ಬಂದವಳನ್ನು ನಮ್ಮವ್ವ ಕೇಳಿದಳು: 'ಅಲ್ಲವ್ವಾ, ಆ ಹೊಟ್ಟು ಆಮ್ಯಾಲ ಏನ್ ಮಾಡ್ತಿ? ನಮ್ಮ ಎಮ್ಮಿ ಮುಂದ ಹಾಕಬ್ಯಾಡ ಮತ್ತ!'

ಓದು ಬರಹ ತಿಳಿಯದ ಅವ್ವ ಕೇಳಿದ್ದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಲೋಹ ನಾಶವಾಗಿರುವುದಿಲ್ಲ, ಜಾಗ ಬದಲಿಸಿರುತ್ತದೆ ಅಷ್ಟೆ. ದನಕ್ಕೆ ಹಾಕಿದರೆ ಅದರ ಹೊಟ್ಟೆಗೆ, ತಿಪ್ಪೆಗೆ ಚೆಲ್ಲಿದರೆ ಹೊಲಕ್ಕೆ, ಸುಟ್ಟರೆ ಬೂದಿಗೆ, ಹೊಗೆಗೆ. ತೆಳು ಆಮ್ಲದಿಂದ ತೊಳೆದು ಹೊಟ್ಟನ್ನು ಮತ್ತೆ ಬಳಸಬಹುದು. ಆದರೆ ಆ ಆಮ್ಲವನ್ನೂ ಜೋಪಾನ ಮಾಡಬೇಕಲ್ಲ!

ಮಗಳು ಫಲಕ ಬದಲಿಸಿದಳು. ಹೊಟ್ಟು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಎರಡು ಸಾಲು ಹಾಕಿದಳು. ಕೆಳಗೆ ಅಜ್ಜಿಯ ಪ್ರಶ್ನೆಯನ್ನು ಅಜ್ಜಿಯ ಮಾತಿನಲ್ಲೇ ಬರೆದಳು. ಬಹುಮಾನ ಬರಲಿಲ್ಲ. ಆದರೆ ಮೇಳಕ್ಕೆ ಬಂದ ರೈತರು ಆ ಕೊನೆಯ ಸಾಲಿನ ಮುಂದೆಯೇ ನಿಂತು ಮಾತಾಡುತ್ತಿದ್ದರು. ತಿರುಗಿ ಬರುವಾಗ ಮಗಳ ಮುಖದಲ್ಲಿ ಬೇಸರವಿರಲಿಲ್ಲ. ಮುಂದಿನ ವರ್ಷ ಕಬ್ಬಿಣದ ಲೇಪ ಮಾಡಿ ನೋಡುತ್ತಾಳಂತೆ.